ಮೂರು ಹೊರಗೆ, ಎರಡು ಒಳಗೆ: ಪಂಪ್ ಮಹಾಶಯರಿಗೊಂದು ಬಹಿರಂಗ ಪತ್ರ

ಸಕಲ ಜೀವಕೋಶ ನಿವಾಸಿಗಳೂ, ಗಡಿಪಾಲಕರೂ, ಸುಂಕಾಧಿಕಾರಿಗಳೂ ಆದ ಶ್ರೀಮನ್ಮಹಾ ಸೋಡಿಯಂ-ಪೊಟ್ಯಾಸಿಯಂ ಪಂಪ್ ಅವರ ಸನ್ನಿಧಾನಕ್ಕೆ,

ಬಂದಳಿಕೆ ಸೀಮೆಯ ರೈತನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನ ಮೈಯೊಳಗೇ ಇದ್ದೀರಿ, ಮನಸ್ಸಿನಲ್ಲಿ ಅಂದುಕೊಂಡರೆ ಸಾಲದೇ, ಪತ್ರ ಯಾಕೆ ಎಂದು ಕೇಳಬಹುದು. ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ತಾವು ಸುಂಕ ಹಾಕುತ್ತೀರಿ ಎಂದು ಗೊತ್ತಾಗಿದೆ. ಹೇಗೂ ದುಡ್ಡು ಕಟ್ಟಿಯಾಗಿದೆಯಲ್ಲ, ನಾಲ್ಕು ಜನಕ್ಕೆ ಕೇಳುವ ಹಾಗೇ ಹೇಳಿಬಿಡೋಣ ಎಂದು ಕೂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊಟ್ಟೆಯಲ್ಲಂತೂ ತಾವು ಇದ್ದೇ ಇದ್ದೀರಿ.

ಗಡಿ ಎಂದರೇನು ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೆಕ್ಕಕ್ಕೆ ನಾವು ಶಿಕಾರಿಪುರ ತಾಲ್ಲೂಕು, ಸ್ವಲ್ಪ ಆಚೆಗೆ ಸರಿದರೆ ಸೊರಬ. ಎರಡು ಕಚೇರಿಗಳ ನಡುವೆ ಅರ್ಜಿ ಹಿಡಿದು ಓಡಾಡಿದವರಿಗೆ ಗಡಿಯ ದಪ್ಪ ಗೊತ್ತು. ತಾವು ಕಾಯುವ ಗಡಿ ಮಾತ್ರ ಮಿಲಿಮೀಟರನ್ನು ಎರಡು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟೇ ದಪ್ಪವಂತೆ. ಅದೂ ಬರೀ ಕೊಬ್ಬಿನ ಪೊರೆ. ಆದರೂ ಒಂದು ಉಪ್ಪಿನ ಅಯಾನು ತಾನಾಗಿ ಅದನ್ನು ದಾಟಲಾರದು. ಸೋಡಿಯಂ ಆಗಲಿ ಪೊಟ್ಯಾಸಿಯಂ ಆಗಲಿ, ವಿದ್ಯುದಂಶ ಹೊತ್ತ ಜೀವಗಳು. ಸುತ್ತ ನೀರಿನ ಅಣುಗಳನ್ನು ಕವುಚಿಕೊಂಡೇ ಇರುತ್ತವೆ. ಆ ನೀರನ್ನು ಬಿಟ್ಟು ಕೊಬ್ಬಿಗೆ ಇಳಿ ಎಂದರೆ ಸುತರಾಂ ಒಪ್ಪುವುದಿಲ್ಲ. ಹೀಗಾಗಿ ಪೊರೆಯ ತುಂಬ ತಮ್ಮಂಥ ಪ್ರೋಟೀನುಗಳ ದರ್ಬಾರು. ದಾಟಬೇಕೆಂದರೆ ತಮ್ಮ ಮೂಲಕ, ಇಲ್ಲವೇ ತಮ್ಮ ಬಳಗದವರ ಮೂಲಕ. ಬೇರೆ ದಾರಿಯೇ ಇಡದ ತಮ್ಮ ಕಾಳಜಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಈಗ ತಮ್ಮ ದಿನಚರಿ. ಬಾಯನ್ನು ಕೋಶದ ಒಳಗಡೆಗೆ ತೆರೆದು ಮೂರು ಸೋಡಿಯಂ ಅಯಾನುಗಳನ್ನು ಹಿಡಿಯುತ್ತೀರಿ. ಎಟಿಪಿ ಎಂಬ ಇಂಧನದಿಂದ ಒಂದು ಫಾಸ್ಫೇಟನ್ನು ಕಿತ್ತು ಮೈಗೆ ಅಂಟಿಸಿಕೊಳ್ಳುತ್ತೀರಿ. ಒಳಗಿನ ಬಾಗಿಲು ಮುಚ್ಚುತ್ತದೆ, ಮೈ ಮುರಿದುಕೊಂಡು ಹೊರಗಿನ ಬಾಗಿಲು ತೆರೆಯುತ್ತೀರಿ, ಮೂರನ್ನೂ ಆಚೆ ತಳ್ಳುತ್ತೀರಿ. ಅಲ್ಲಿಂದ ಎರಡು ಪೊಟ್ಯಾಸಿಯಂ ಹತ್ತಿಸಿಕೊಳ್ಳುತ್ತೀರಿ, ಫಾಸ್ಫೇಟ್ ಉದುರುತ್ತದೆ, ಮತ್ತೆ ಒಳಮುಖವಾಗಿ ಎರಡನ್ನೂ ಇಳಿಸುತ್ತೀರಿ. ಎರಡು ಬಾಗಿಲೂ ಒಟ್ಟಿಗೆ ತೆರೆದಿರುವ ಒಂದು ಗಳಿಗೆಯೂ ಇಲ್ಲ. ತಮ್ಮಲ್ಲಿ ಒಬ್ಬೊಬ್ಬರೂ ಸೆಕೆಂಡಿಗೆ ನೂರಾರು ಅಯಾನುಗಳನ್ನು ಹೀಗೆ ದಾಟಿಸುತ್ತೀರಂತೆ. ಶಿಸ್ತಿಗೆ ಶರಣು. ಆದರೆ ಮಹಾಪ್ರಭು, ಮೂರು ಹೊರಗೆ, ಎರಡು ಒಳಗೆ! ಇದು ಯಾವ ಊರಿನ ಅಳತೆ?

ಈ ಪ್ರಶ್ನೆ ಕೇಳುವ ಹಕ್ಕು ನಮ್ಮ ಜಿಲ್ಲೆಯವರಿಗೆ ಇದೆ ಎಂದು ವಿನಯದಿಂದ ನೆನಪಿಸುತ್ತೇನೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಅಳತೆಯ ತಕರಾರಿನಿಂದಲೇ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದು ಜಗಳದ ಬೇರು. ಸಮಾಜವಾದಿ ನಾಯಕ ಲೋಹಿಯಾ ಅವರೇ ಬಂದು ಅಲ್ಲಿ ಬಂಧನಕ್ಕೆ ಒಳಗಾದರು, ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಕೊಳಗದ ಒಂದು ಸೇರಿಗಾಗಿ ಜೈಲಿಗೆ ಹೋದವರ ನೆಲದಲ್ಲಿ, ಹಾಡಹಗಲಲ್ಲಿ, ನನ್ನದೇ ಮೈಯೊಳಗೆ, ಒಬ್ಬರನ್ನು ಮೂರರ ಲೆಕ್ಕದಲ್ಲಿ ಹೊರಗಟ್ಟಿ ಇನ್ನೊಬ್ಬರನ್ನು ಎರಡರ ಲೆಕ್ಕದಲ್ಲಿ ಕರೆದುಕೊಳ್ಳುವ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು. ಇದರ ಫಲವಾಗಿ ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಬರೀ ನಾಲ್ಕು. ಸೋಡಿಯಂ ಇದಕ್ಕೆ ಉಲ್ಟಾ: ಹೊರಗೆ 140ರ ಮೇಲೆ, ಒಳಗೆ ಹತ್ತು ಹನ್ನೆರಡು. ಇಷ್ಟು ಅಸಮಾನತೆಯನ್ನು ನಮ್ಮ ಹಳೆಯ ಜಮೀನ್ದಾರರೂ ಸಾಧಿಸಿರಲಿಲ್ಲ.

ಸುಂಕದ ವಿಷಯಕ್ಕೆ ಬರುತ್ತೇನೆ. ನಾನು ಸುಮ್ಮನೆ ಜಗಲಿಯ ಮೇಲೆ ಮಲಗಿದ್ದಾಗಲೂ ಮೈ ಸುಡುವ ಇಂಧನದಲ್ಲಿ ಸುಮಾರು ಐದನೇ ಒಂದು ಪಾಲು ತಮಗೆ. ಉಂಡ ಐದು ತುತ್ತಿನಲ್ಲಿ ಒಂದು ತುತ್ತು ಗಡಿಯಲ್ಲೇ ಮುಗಿಯಿತು. ಮಿದುಳಿನಲ್ಲಂತೂ ಅರ್ಧಕ್ಕೂ ಹೆಚ್ಚು ಖರ್ಚು ಅಯಾನುಗಳನ್ನು ಆಚೀಚೆ ಸಾಗಿಸುವುದಕ್ಕೇ ಹೋಗುತ್ತದಂತೆ. ಹೀಗಾದರೆ ಮನುಷ್ಯ ಯೋಚನೆ ಮಾಡುವುದು ಯಾವುದರಲ್ಲಿ, ಚಿಲ್ಲರೆಯಲ್ಲೇ? ನಮ್ಮ ಸೀಮೆಯ ಕಲ್ಲು ಶಾಸನಗಳನ್ನು ಓದಿದರೆ ದೇವರ ಸೊಡರಿನ ಎಣ್ಣೆಗೆಂದು ಸುಂಕ ಬಿಟ್ಟುಕೊಟ್ಟ ಅಧಿಕಾರಿಗಳು ಸಿಗುತ್ತಾರೆ. ತಮ್ಮ ದಾಖಲೆಯಲ್ಲಿ ಅಂಥ ಒಂದು ದಿನವೂ ಇಲ್ಲ. ಹಬ್ಬಕ್ಕೂ ಇಲ್ಲ, ಉಪವಾಸಕ್ಕೂ ಇಲ್ಲ. ಏಕಾದಶಿಯ ದಿನ ನಾನು ಊಟ ಬಿಟ್ಟರೂ ತಾವು ಬಿಡಲಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ ವಸೂಲಿ ಮಾಡಿಕೊಂಡಿರಿ.

ಖರ್ಚಾದರೂ ಸಾರ್ಥಕವೇ ಎಂದರೆ, ಅಲ್ಲೇ ನನ್ನ ಹೊಟ್ಟೆ ಉರಿಯುವುದು. ತಾವು ಕಷ್ಟಪಟ್ಟು ಹೊರಗೆ ಹಾಕಿದ್ದನ್ನು ತಮ್ಮ ಪಕ್ಕದಲ್ಲೇ ಕೂತ ಚಾನೆಲ್ ಎಂಬ ಬಂಧುಗಳು ಒಳಗೆ ಬಿಡುತ್ತಾರೆ, ಒಳಗೆ ತುಂಬಿದ್ದನ್ನು ಹೊರಗೆ ಸೋರಿಸುತ್ತಾರೆ. ಬದು ಒಡೆದ ಗದ್ದೆಗೆ ರಾತ್ರಿಯೆಲ್ಲ ನೀರು ಹೊಡೆಯುವ ಪಂಪ್‌ಸೆಟ್ಟಿನ ಕತೆ ಇದು. ನಮ್ಮ ಕೊಳವೆಬಾವಿಗಾದರೋ ತ್ರೀಫೇಸ್ ಕರೆಂಟು ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಮನುಷ್ಯರು ಮಲಗುವ ಹೊತ್ತಿಗೆ. ತಮಗೆ ಇಪ್ಪತ್ನಾಲ್ಕು ಗಂಟೆಯೂ ಸರಬರಾಜು, ಮೀಟರ್ ಇಲ್ಲ. ತಾವು ಎಟಿಪಿ ಸುಟ್ಟು ಸೆಕೆಂಡಿಗೆ ನೂರಾರು ಅಯಾನು ಸಾಗಿಸಿದರೆ, ತೆರೆದ ಚಾನೆಲ್ ಒಂದು ಪೈಸೆ ಖರ್ಚಿಲ್ಲದೆ ಸೆಕೆಂಡಿಗೆ ಕೋಟಿಗಟ್ಟಲೆ ಬಿಡುತ್ತದೆ. ದುಡಿಯುವವರು ನಿಧಾನ, ಸೋರಿಸುವವರು ಚುರುಕು. ಇದನ್ನು ಓದಿದಾಗ ನನಗೆ ಗ್ರಾಮ ಪಂಚಾಯಿತಿಯ ಅನೇಕ ಸಭೆಗಳು ಒಟ್ಟಿಗೆ ಅರ್ಥವಾದವು.

ಈ ಚಾನೆಲ್ ಬಂಧುಗಳ ಜಾತ್ಯತೀತತೆಯೂ ಸಂಶಯಾಸ್ಪದವೇ. ಪೊಟ್ಯಾಸಿಯಂ ಚಾನೆಲ್ಲಿನ ಬಾಗಿಲು ಹೇಗಿದೆಯೆಂದು ಅಮೆರಿಕದ ರಾಡರಿಕ್ ಮ್ಯಾಕಿನನ್ 1998ರಲ್ಲಿ ಅಣು ಅಣುವಾಗಿ ತೋರಿಸಿದರು; 2003ರಲ್ಲಿ ನೊಬೆಲ್ ಬಂತು. ಆ ಬಾಗಿಲಿನಲ್ಲಿ ಹತ್ತು ಸಾವಿರ ಪೊಟ್ಯಾಸಿಯಂ ದಾಟಿದರೆ ಒಂದು ಸೋಡಿಯಂ ನುಸುಳಬಹುದು, ಅಷ್ಟೇ. ಸೋಡಿಯಂ ದಪ್ಪಗಿದೆ, ಹಿಡಿಸುವುದಿಲ್ಲ ಎಂದರೆ ಒಪ್ಪಬಹುದಿತ್ತು. ಅದು ಪೊಟ್ಯಾಸಿಯಂಗಿಂತ ಚಿಕ್ಕದು! ವಿವರಣೆ ಹೀಗಿದೆ: ಬಾಗಿಲ ಇಕ್ಕಟ್ಟಿನಲ್ಲಿ ಮೈಮೇಲಿನ ನೀರನ್ನು ಕಳಚಿ ಬರಬೇಕು. ಕಳಚಿದ ಪೊಟ್ಯಾಸಿಯಂಗೆ ಗೋಡೆಯ ಆಮ್ಲಜನಕದ ಪರಮಾಣುಗಳು ಸರಿಯಾದ ದೂರದಲ್ಲಿ ಆಸರೆ ಕೊಡುತ್ತವೆ, ನೀರು ಹೋದದ್ದೇ ತಿಳಿಯುವುದಿಲ್ಲ. ಚಿಕ್ಕ ಸೋಡಿಯಂಗೆ ಆ ಗೋಡೆಗಳು ಎಟುಕುವುದಿಲ್ಲ. ಆಸರೆ ಇಲ್ಲದಲ್ಲಿ ನೀರನ್ನು ಬಿಟ್ಟು ಬರಲು ಅದಕ್ಕೆ ಮನಸ್ಸಾಗುವುದಿಲ್ಲ. ಯಾರನ್ನೂ ತಡೆಯದೆ ಒಬ್ಬರನ್ನೇ ಒಳಗೆ ಬಿಡುವ ಈ ನಾಜೂಕು ನಮ್ಮ ಕೆಲವು ಮಠಗಳ ಪಂಕ್ತಿಭೋಜನಕ್ಕೂ ಹೊಳೆದಿರಲಿಲ್ಲ. ಸುದ್ದಿ ಮುಟ್ಟಿಸಬೇಡಿ, ದಯವಿಟ್ಟು.

ಪೊಟ್ಯಾಸಿಯಂ ಹೀಗೆ ಸೋರುವುದರಿಂದಲೇ ಪೊರೆಯ ಎರಡು ಬದಿಗೆ ಸುಮಾರು 70 ಮಿಲಿವೋಲ್ಟ್ ಅಂತರ ಹುಟ್ಟುತ್ತದೆ. ಕೇಳಿದರೆ ಟಾರ್ಚಿನ ಸೆಲ್ಲಿಗೂ ನಗು ಬರುವ ಮೊತ್ತ. ಆದರೆ ಪೊರೆಯ ದಪ್ಪಕ್ಕೆ ಭಾಗಿಸಿ ನೋಡಿದರೆ ಮೀಟರಿಗೆ ಒಂದೂಕಾಲು ಕೋಟಿ ವೋಲ್ಟ್ ದಾಟುತ್ತದೆ. ಗಾಳಿಯಲ್ಲಿ ಮೀಟರಿಗೆ 30 ಲಕ್ಷ ವೋಲ್ಟ್ ಆದರೆ ಸಾಕು, ಕಿಡಿ ಹಾರುತ್ತದೆ. ಮುಂಗಾರಿನ ಮೊದಲ ಗುಡುಗಿಗೆ ಟಿವಿ ವೈರ್ ಕಿತ್ತು ಓಡುವ ನಾನು ಇಷ್ಟನ್ನು ಹೊತ್ತು ತಿರುಗುತ್ತಿದ್ದೇನೆ ಎಂದು ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲವೇ? ನರಕ್ಕೆ ಸಂದೇಶ ಬಂದಾಗ ಸೋಡಿಯಂ ಚಾನೆಲ್ ತೆರೆದು ಈ ಅಂತರ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ತಲೆಕೆಳಗಾಗುತ್ತದೆ, ಪೊಟ್ಯಾಸಿಯಂ ಹೊರಬಿದ್ದು ಮತ್ತೆ ಸರಿಹೋಗುತ್ತದೆ. ನನ್ನ ನೋವು, ನಲಿವು, ಸಿಟ್ಟು, ಹಲ್ಲುನೋವು ಎಲ್ಲವೂ ಅದೇ. ಇನ್ನು ಗದ್ದೆಯಂಚಿನಲ್ಲಿ ನಾಗರಹಾವು ಕಚ್ಚಿದರೆ ಅದರ ವಿಷ ಹೋಗಿ ಕೂರುವುದೂ ತಮ್ಮ ಬಳಗದ ಮನೆಯಲ್ಲೇ: ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಜಾಗದ ಚಾನೆಲ್ಲಿಗೆ ಅಗುಳಿ ಹಾಕಿಬಿಡುತ್ತದೆ. ಉಸಿರಾಡು ಎಂಬ ಅಪ್ಪಣೆ ಹೊರಟಿರುತ್ತದೆ, ಮುಟ್ಟುವುದಿಲ್ಲ.

ತಮ್ಮ ಕೀರ್ತಿಯ ಇತಿಹಾಸವನ್ನೂ ಭಕ್ತಿಯಿಂದ ಓದಿದ್ದೇನೆ. ಡೆನ್ಮಾರ್ಕಿನ ಆರ್‌ಹುಸ್ ವಿಶ್ವವಿದ್ಯಾಲಯದ ಯೆನ್ಸ್ ಸ್ಕೌ ಎಂಬ ವೈದ್ಯರು ಜಾಗ ಮರಗಟ್ಟಿಸುವ ಅರಿವಳಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುತ್ತ ಏಡಿಯ ಕಾಲಿನ ನರಗಳಲ್ಲಿ ತಮ್ಮನ್ನು ಕಂಡರು, 1957ರಲ್ಲಿ ಪ್ರಕಟಿಸಿದರು. ಮಳೆಗಾಲದಲ್ಲಿ ಗದ್ದೆಯ ಏಡಿ ಹಿಡಿದು ಸಾರು ಮಾಡುವ ನಮ್ಮ ಕಡೆಯವರು ಎಷ್ಟು ತಲೆಮಾರಿನಿಂದ ಆ ಕಾಲುಗಳನ್ನು ಚೀಪಿದ್ದಾರೆ. ತಾವು ಒಮ್ಮೆಯೂ ದರ್ಶನ ಕೊಡಲಿಲ್ಲ. ಅದೇ 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಹೆಸರೂ ವಿಜ್ಞಾನದ ಪತ್ರಿಕೆಗಳಿಗೆ ಹೋಯಿತು. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರ ಹಿಡಿದು ಮಲಗಿ, ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾದ ವರ್ಷ ಅದು. ಆರ್‌ಹುಸ್‌ಗೆ ತಾವು, ನಮಗೆ ಉಣ್ಣಿ. ಹಂಚಿಕೆಯಲ್ಲಿ ತಮ್ಮ ಪಾತ್ರವೇನೂ ಇಲ್ಲ, ಗೊತ್ತು. ಆದರೂ ಹೇಳಿದೆ.

ನಲವತ್ತು ವರ್ಷ ಕಳೆದು 1997ರಲ್ಲಿ ಸ್ಕೌ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನದ ಹಂಚಿಕೆಯನ್ನು ತಾವೇ ನಿಂತು ಮಾಡಿಸಿದಂತಿದೆ. ಎಟಿಪಿ ಹೇಗೆ ತಯಾರಾಗುತ್ತದೆ ಎಂದು ಕಂಡುಹಿಡಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಇಬ್ಬರಿಗೂ ಸೇರಿ ಅರ್ಧ. ಎಟಿಪಿ ಖರ್ಚು ಮಾಡುವ ತಮ್ಮನ್ನು ಕಂಡವರಿಗೆ ಒಬ್ಬರಿಗೇ ಅರ್ಧ. ಬೆಳೆದವನಿಗೆ ಕಾಲು, ಸುಂಕದವನಿಗೆ ಅರ್ಧ! ಎಪಿಎಂಸಿ ಅಂಗಳದಲ್ಲಿ ಜೋಳ ಮಾರಿ ಬಂದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ತಮ್ಮ ಹತ್ತಿರದ ದಾಯಾದಿಯೊಬ್ಬರು ನನ್ನ ಜಠರದಲ್ಲಿದ್ದಾರೆ. ಪೊಟ್ಯಾಸಿಯಂ ಎಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರಗೆ ತಳ್ಳುವುದು ಅವರ ಕಸುಬು. ರಕ್ತಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮೀರಿ ಹುಳಿ ಮಾಡಿಡುತ್ತಾರೆ. ಅವರ ಉತ್ಸಾಹ ತಗ್ಗಿಸಲೆಂದೇ ಇಡೀ ತಾಲ್ಲೂಕು ಬೆಳಗೆದ್ದು ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ನುಂಗುತ್ತಿದೆ: ಓಮೆಪ್ರಝೋಲ್, ಪ್ಯಾಂಟೊಪ್ರಝೋಲ್. ಊಟಕ್ಕೆ ಅರ್ಧ ಗಂಟೆ ಮೊದಲೇ ಯಾಕೆಂದರೆ ಪಂಪು ಕೆಲಸಕ್ಕೆ ನಿಂತಾಗಲೇ ಅದನ್ನು ಹಿಡಿದು ಕಟ್ಟಬೇಕಂತೆ. ಮದುವೆಯೂಟ ಮುಗಿಸಿ ಎಲೆ ಅಡಿಕೆಯ ಜೊತೆ ಮಾತ್ರೆ ನುಂಗುವ ನಮ್ಮವರಿಗೆ ಇದನ್ನು ಯಾರಾದರೂ ಹೇಳಿದರೆ ಚೆನ್ನಾಗಿತ್ತು.

ತಮ್ಮ ಒಂದು ದೌರ್ಬಲ್ಯವನ್ನು ಬಹಿರಂಗವಾಗಿ ಹೇಳುವುದಕ್ಕೆ ಸಂಕೋಚ. ಅಂಗಳದ ಕಣಗಿಲೆ, ಶಿವನ ತಲೆಗೇರುವ ಹೂವು. ಅದರ ಗಿಡದಲ್ಲಿರುವ ವಿಷ ಬಂದು ತಮ್ಮ ಹೊರಬಾಗಿಲಿಗೆ ಕೂತರೆ ಇಷ್ಟು ದರ್ಪದ ತಾವು ಅಲ್ಲಾಡದೆ ನಿಂತುಬಿಡುತ್ತೀರಿ. ಹೃದಯ ತಾಳ ತಪ್ಪುತ್ತದೆ. ಇದೇ ಕುಲದ ವಸ್ತುವಿರುವ ಫಾಕ್ಸ್‌ಗ್ಲೋವ್ ಎಂಬ ಗಿಡವನ್ನು ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲೇ ಔಷಧಿಯೆಂದು ಬರೆದಿಟ್ಟರು. ಇಂದು ಡಿಗಾಕ್ಸಿನ್ ಎಂಬ ಪುಟ್ಟ ಮಾತ್ರೆ. ತಮ್ಮನ್ನು ಒಂದಿಷ್ಟೇ ನಿಧಾನಿಸಿದರೆ ಹೃದಯದ ಕೋಶದಲ್ಲಿ ಸೋಡಿಯಂ ಸ್ವಲ್ಪ ಏರುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಉಳಿದುಕೊಳ್ಳುತ್ತದೆ, ಸೋತ ಹೃದಯ ಬಲವಾಗಿ ಹಿಂಡುತ್ತದೆ. ಅಧಿಕಾರಿಯ ಕೈ ಸ್ವಲ್ಪ ಕಟ್ಟಿದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಚಳಿಗೆ ಕೆಲಸ ಬಿಡುತ್ತೀರಿ ಎಂಬ ದೂರೂ ಇದೆ. ಮೈಯ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗಿರುವಾಗ, ಪ್ರಯೋಗಾಲಯದವರು ಹೊರಗಿನ ಎರಡು ಪಾಲನ್ನು ಅಳೆದು ತೀರ್ಪು ಕೊಡುತ್ತಾರೆ, ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಸೈ. ನನ್ನ ರಕ್ತ ಹಳ್ಳಿಯಿಂದ ಪಟ್ಟಣಕ್ಕೆ ಐಸ್ ಡಬ್ಬಿಯಲ್ಲಿ ಹೋಗಿ ಎಲ್ಲೋ ರಾತ್ರಿ ಕಳೆಯಿತು. ತಂಪಿಗೆ ತಾವು ಕೈಕಟ್ಟಿ ಕೂತಿರಿ, ಒಳಗಿನ ಪೊಟ್ಯಾಸಿಯಂ ಸೋರಿ ಹೊರಬಂತು, ಚೀಟಿಯಲ್ಲಿ ಆರು ದಾಟಿತು. ಮನೆಯವರು ಅಳುತ್ತ ಕಾರು ಮಾಡಿಸಿದರು, ಎಳನೀರು ಬಾಳೆಹಣ್ಣು ಎಲ್ಲ ನಿಷೇಧವಾಯಿತು. ಮರುದಿನ ಅಲ್ಲೇ ರಕ್ತ ತೆಗೆದು ಅಲ್ಲೇ ನೋಡಿದರೆ ಎಲ್ಲ ಸರಿಯಾಗಿತ್ತು. ಕಾರಿನ ಬಾಡಿಗೆ ಕೊಟ್ಟವರು ಯಾರು ಎಂದು ತಾವು ಕೇಳುವುದಿಲ್ಲ ಎಂದು ಗೊತ್ತು.

ನಮ್ಮ ಭತ್ತ ಜೋಳದ ಮೇಲೆ ತಮ್ಮ ಕೃಪೆ ಬಿದ್ದಿಲ್ಲ ಎಂಬುದನ್ನೂ ಗಮನಕ್ಕೆ ತರುತ್ತೇನೆ. ಗಿಡಗಳಲ್ಲಿ ತಾವಿಲ್ಲವಂತೆ, ಅವು ಹೈಡ್ರೋಜನ್ ಅಯಾನು ತಳ್ಳುವ ಬೇರೆ ಪಂಪಿನಲ್ಲೇ ಸಂಸಾರ ನಡೆಸುತ್ತವೆ. ವಿದೇಶದಿಂದ ಹಡಗಿನಲ್ಲಿ ಬಂದ ಪೊಟ್ಯಾಷ್ ಚೀಲವನ್ನು ಸಾಲ ಮಾಡಿ ತಂದು ಗದ್ದೆಗೆ ಎರಚುತ್ತೇವೆ, ಬೇರಿನ ಚಾನೆಲ್ಲುಗಳು ಒಳಗೆ ಎಳೆದುಕೊಳ್ಳುತ್ತವೆ. ಉಪ್ಪು ನೀರು ಬಂದರೆ ಮಾತ್ರ ಪಾಪ, ಅವಕ್ಕೆ ತಮ್ಮಂಥವರ ನೆರವಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರದ ಸಂಶೋಧಕರು ನಮ್ಮವರಿಗೆಲ್ಲ ಗೊತ್ತಿರುವ ಜಯಾ ಭತ್ತವನ್ನು ಉಪ್ಪು ತಾಳುವ ಕೇರಳದ ಪೊಕ್ಕಾಳಿ ಭತ್ತದ ಪಕ್ಕ ಇಟ್ಟು ನೋಡಿದರು. ಜಯಾದಲ್ಲಿ ಸೋಡಿಯಂ ಯಾವ ಬಾಗಿಲನ್ನೂ ತಟ್ಟದೆ ಬೇರಿನ ಕೋಶಗಳ ಸಂದಿಯಲ್ಲೇ ನುಸುಳಿ ಎಲೆ ಮುಟ್ಟುತ್ತದೆ. ಪೊಕ್ಕಾಳಿ ಆ ಸಂದಿಗಳನ್ನು ಚೆನ್ನಾಗಿ ಮೆತ್ತಿಕೊಂಡಿದೆ. ಕುಮಟಾದ ಅಘನಾಶಿನಿ ನದಿಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವೂ ಉಪ್ಪು ತಡೆದುಕೊಳ್ಳುವ ತಳಿ. ಗಡಿ ಕಾಯುವುದು ತಮ್ಮೊಬ್ಬರಿಗೇ ಗೊತ್ತು ಎಂದು ಬೀಗದಿರಲಿ ಎಂದು ಇಷ್ಟು ಹೇಳಿದೆ.

ಅಧಿಕಾರ ಬಿಟ್ಟುಕೊಡುವುದನ್ನೂ ತಾವು ನಮ್ಮೂರಿನಿಂದ ಕಲಿಯಬಹುದಿತ್ತು. ಹತ್ತನೆಯ ಶತಮಾನದ ಆರಂಭದಲ್ಲಿ ರಾಷ್ಟ್ರಕೂಟರ ಕೆಳಗೆ ನಾಗರಖಂಡ ಎಪ್ಪತ್ತು ಎಂಬ ಸೀಮೆಯನ್ನು ಆಳಿದವಳು ಜಕ್ಕಿಯಬ್ಬೆ. ಗಂಡ ಸತ್ತ ಮೇಲೆ ಅವನ ನಾಳ್ಗಾವುಂಡ ಪದವಿ ಅವಳಿಗೆ ಬಂತು, ಸಮರ್ಥಳಾಗಿ ನಡೆಸಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಗೆ ಬಂದು ವ್ರತ ಹಿಡಿದು ದೇಹ ಬಿಟ್ಟಳು. ಶಾಸನ ಇನ್ನೂ ಇದೆ. ತಾವೋ, ನನ್ನ ಕೊನೆಯ ಎಟಿಪಿ ಮುಗಿಯುವವರೆಗೂ ಕುರ್ಚಿ ಬಿಡುವವರಲ್ಲ. ಬಿಟ್ಟ ಮರುಕ್ಷಣ ಏನಾಗುತ್ತದೆ ಎಂದೂ ಓದಿದ್ದೇನೆ. ಸೋಡಿಯಂ ಒಳಗೆ ನುಗ್ಗುತ್ತದೆ, ಹಿಂದೆಯೇ ನೀರು ನುಗ್ಗುತ್ತದೆ, ಕೋಶ ಊದಿ ಒಡೆಯುತ್ತದೆ. ಒಳಗೂ ಹೊರಗೂ ಒಂದೇ ಲೆಕ್ಕ. ಕೊನೆಗೂ ಸಮಾನತೆ ಬಂತು ಎಂದು ಸಂತೋಷಪಡಲು ನಾನಿರುವುದಿಲ್ಲ. ಸಮಾಜವಾದಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಅವಮಾನ ತಾವು ಮಾಡಲಾರಿರಿ.

ಇದನ್ನು ಕೇಳಿಸಿಕೊಂಡು, ನೋಡಿ, ಅಸಮಾನತೆ ಪ್ರಕೃತಿಯ ನಿಯಮ ಎಂದು ಭಾಷಣ ಬಿಗಿಯುವವರು ಹುಟ್ಟಿಕೊಳ್ಳುತ್ತಾರೆಂಬ ಭಯ ನನಗಿದೆ. ಅವರಿಗೆ ತಾವೇ ಒಂದು ಮಾತು ಹೇಳಬೇಕು. ಇಷ್ಟು ಸುಂಕ ಎತ್ತುವ ತಾವು ತಮಗೆಂದು ಒಂದು ಅಯಾನನ್ನೂ ಕಣಜಕ್ಕೆ ತುಂಬಿಕೊಂಡಿಲ್ಲ. ಹೊರಗೆ ಒಟ್ಟಿದ ಸೋಡಿಯಂ ಇಳಿದು ಬರುವ ರಭಸವನ್ನೇ ಬಳಸಿಕೊಂಡು ನರ ಮಿಡಿಯುತ್ತದೆ, ಮೂತ್ರಪಿಂಡ ದಿನಕ್ಕೆ ಸೋಸುವ ಸುಮಾರು 180 ಲೀಟರಿನಲ್ಲಿ ಬಹುಪಾಲನ್ನು ಹಿಂದಕ್ಕೆ ಪಡೆಯುತ್ತದೆ, ಕರುಳು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಕರುಳಿನ ಗೋಡೆಯಲ್ಲಿ ಎರಡು ಸೋಡಿಯಂ ಜೊತೆ ಒಂದು ಗ್ಲೂಕೋಸನ್ನು ಒಳಗೆ ತರುವ ಇನ್ನೊಂದು ಪ್ರೋಟೀನ್ ಇದೆ. ಹಿಂದೆಯೇ ನೀರೂ ಬರುತ್ತದೆ. ಕಾಲರಾ ತಗುಲಿ ಬೇರೆ ಚಾನೆಲ್ಲಿನಿಂದ ನೀರು ಹೊಳೆಯಾಗಿ ಹೊರಹೋಗುವಾಗಲೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ. ಓಆರ್‌ಎಸ್ ಎಂಬ ಉಪ್ಪು ಸಕ್ಕರೆಯ ನೀರಿನ ಗುಟ್ಟು ಇಷ್ಟೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಸಲೈನ್ ಬಾಟಲಿ ಮುಗಿದಾಗ ಡ್ರಮ್ಮುಗಳಲ್ಲಿ ಇದನ್ನೇ ಕಲಸಿ ಕುಡಿಸಿ ಸಾವುಗಳನ್ನು ತಡೆದರು. ತಾವು ಕೋಶದೊಳಗೆ ಸೋಡಿಯಂ ಕಡಿಮೆ ಇಟ್ಟಿದ್ದರಿಂದ ಅದು ಸಾಧ್ಯವಾಯಿತು. ಈ ಒಂದು ಕೆಲಸಕ್ಕೆ ಸುಂಕದ ಬಾಬತ್ತನ್ನು ಮನ್ನಾ ಮಾಡಿದ್ದೇನೆ. ಮೂರು-ಎರಡರ ಅಳತೆಯ ತಕರಾರು ಹಾಗೇ ಉಳಿದಿದೆ.

ಆದ್ದರಿಂದ ವಿನಮ್ರ ಪ್ರಾರ್ಥನೆ: ಮೈಯೊಳಗಿನ ಗುಡುಗಿನ ವಿಷಯ ಮುಂಚಿತವಾಗಿ ತಿಳಿಸುವುದು, ಐಸ್ ಡಬ್ಬಿಯಲ್ಲಿ ಕಂಬಳಿ ಹೊದ್ದಾದರೂ ಕೆಲಸ ಮಾಡುವುದು, ಸೋರಿಸುವ ಬಂಧುಗಳ ಮೇಲೆ ಒಂದು ಕಣ್ಣಿಡುವುದು. ಉತ್ತರ ಬರೆಯುವ ಶ್ರಮ ಬೇಡ. ಅದರ ಖರ್ಚೂ ನನ್ನ ಮೇಲೇ ಬೀಳುತ್ತದೆ.

ಇಂತಿ ತಮ್ಮ ಆಜ್ಞಾಧಾರಕ ತೆರಿಗೆದಾರ,
ಬಂದಳಿಕೆ ಸೀಮೆಯ ಒಬ್ಬ ರೈತ

ವಿ.ಸೂ.: ಪತ್ರವನ್ನು ಮಧ್ಯದಲ್ಲಿ ಒಡೆದು ಓದಿದ ಮಹನೀಯರಿಗೆ: ಮಗುವಿಗೆ ಭೇದಿ ಹಿಡಿದರೆ ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಶುದ್ಧ ನೀರಿಗೆ ಪೂರ್ತಿ ಪೊಟ್ಟಣ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ರುಚಿಗೆಂದು ಮೇಲೆ ಸಕ್ಕರೆ ಸೇರಿಸಬೇಡಿ, ಅಂಗಡಿಯ ಬಣ್ಣದ ಸಿಹಿ ನೀರನ್ನು ಅದರ ಬದಲಿಗೆ ಕೊಡಬೇಡಿ. ಮಗು ಮಂಕಾದರೆ, ಕುಡಿಯದಿದ್ದರೆ, ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.